ಇಟ್ಟವರ ಗಂಟು

ಬೆಟಗೇರಿಯ ಆ ಮಾಳಿಗೆಯ ಕೋಣೆಯಲ್ಲಿ ನೀವು ಮೂವರೂ ನನ್ನನ್ನು ಕೂರಿಸಿ ನಿಮ್ಮ ಹೊಸ ವೆಬ್ ಹೋಸ್ಟಿಂಗ್ ಕಂಪನಿಯ ದರಪಟ್ಟಿ ತೋರಿಸಿದಿರಿ. ಕಂಪನಿಯ ಪೂಜೆ ಆಗಷ್ಟೇ ಮುಗಿದಿತ್ತು, ಊದಿನಕಡ್ಡಿಯ ವಾಸನೆ ಇನ್ನೂ ಇತ್ತು, ಪಕ್ಕದ ಓಣಿಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ಗಿರ್ಮಿಟ್ ತಿಂದು, ಚಹಾ ಕುಡಿದು, ಒಳ್ಳೆಯದಾಗಲಿ ಅಂದು ಎದ್ದು ಬಂದೆ. ಪೂಜೆಯ ದಿನ ಕೆಟ್ಟ ಕಾಲದ ಮಾತು ಎತ್ತಬಾರದೆಂದು ಬಾಯಿ ಕಟ್ಟಿಕೊಂಡಿದ್ದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಿಮ್ಮ ದರಪಟ್ಟಿಯ ಎರಡನೆಯ ಸಾಲಿನಲ್ಲಿ ‘ಅನ್‌ಲಿಮಿಟೆಡ್’ ಎಂಬ ಮಾತಿತ್ತು. ಅದೇ ಮಾತನ್ನು ಒಂದು ಕಾಲಕ್ಕೆ ನಾನೂ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಆಮೇಲೆ ಏನಾಯಿತೆಂದು ಹೇಳದೆ ಹೋದರೆ, ಹಿರಿಯನೆಂದು ಕರೆದು ಕೂರಿಸಿದ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೈ ಮೊದಲು ಪಳಗಿದ್ದು ಅಚ್ಚುಮೊಳೆಯ ಮೇಲೆ. ಗದಗನ್ನು ಮುದ್ರಣ ಕಾಶಿ ಅನ್ನುತ್ತಾರಲ್ಲ, ಆ ಹೆಸರು ಬಾಯಿಮಾತಿನದಾಗಿರಲಿಲ್ಲ. ಪುರಾಣ, ನಾಟಕ, ಪಂಚಾಂಗ, ಕ್ಯಾಲೆಂಡರ್, ಮದುವೆ ಪತ್ರಿಕೆ, ಎಲ್ಲ ಇಲ್ಲಿಂದಲೇ ಸುತ್ತಲ ಸೀಮೆಗೆ ಹೋಗುತ್ತಿದ್ದವು. ನಾನು ಕೆಲಸಕ್ಕಿದ್ದ ಸಣ್ಣ ಪ್ರೆಸ್ಸಿನ ಮಾಲಕರು ಲೇಖಕರ ಹಸ್ತಪ್ರತಿಯನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಗಲ್ಲಾಪೆಟ್ಟಿಗೆಗೆ ಕೀಲಿ ಮರೆತ ದಿನವುಂಟು, ಟ್ರಂಕಿಗೆ ಮರೆತದ್ದನ್ನು ನಾನು ಕಾಣೆ. “ಕಾಗದ ನಮ್ಮದು, ಮಸಿ ನಮ್ಮದು, ಅಕ್ಷರ ಮಾತ್ರ ಅವರದು, ತಮ್ಮಾ” ಅನ್ನುತ್ತಿದ್ದರು. ಮೊಳೆ ಹೋಗಿ ಆಫ್‌ಸೆಟ್ ಬಂತು, ಆಫ್‌ಸೆಟ್ಟಿನ ಹಿಂದೆ ಡಿಟಿಪಿ ಬಂತು, ನುಡಿ, ಬರಹ ತಂತ್ರಾಂಶಗಳು ಬಂದವು. 2005ರಲ್ಲಿ ಡಾಟ್ ಇನ್ ಹೆಸರುಗಳು ಎಲ್ಲರಿಗೂ ಸಲೀಸಾಗಿ ಸಿಗತೊಡಗಿದಾಗ ನಮ್ಮ ಗಿರಾಕಿಗಳೇ ಕೇಳಲು ಶುರು ಮಾಡಿದರು: “ನಮ್ದೂ ಒಂದು ವೆಬ್‌ಸೈಟ್ ಮಾಡ್ರಿ ಮತ್ತ.” ಹಾಗೆ 2006ರಲ್ಲಿ ನಾನು ಈ ಧಂದೆಗೆ ಇಳಿದೆ. ಹೊರದೇಶದ ಒಂದು ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಒಂದು ಸರ್ವರ್, ಇಲ್ಲಿ ಒಂದು ಕೋಣೆ, ಒಂದು ಯುಪಿಎಸ್, ಒಂದು ಬಿಎಸ್‌ಎನ್‌ಎಲ್ ಲೈನು. ನಿಮ್ಮದೂ ಹೆಚ್ಚುಕಡಿಮೆ ಹಾಗೇ ಇದೆ.

ಮೊದಲ ಮೂರು ವರ್ಷ ಈ ಕಂಪನಿ ನಿಮ್ಮನ್ನು ಕೂಸಿನಂತೆ ಅಳಿಸುತ್ತದೆ. ಆ ಅಳು ಯಾವ ಕಡೆಯಿಂದ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಬಂದದ್ದು ವಠಾರದ ಜಗಳ. ಒಂದೇ ಸರ್ವರಿನಲ್ಲಿ ನೂರಿನ್ನೂರು ಸೈಟು ಇಡುವುದೆಂದರೆ ಒಂದೇ ನಳದ ಕೆಳಗೆ ನೂರಿನ್ನೂರು ಕೊಡ ಸಾಲಿಟ್ಟಂತೆ. ಒಬ್ಬನ ಸೈಟಿನ ಕೆಟ್ಟ ಪ್ರೋಗ್ರಾಮು ಎಲ್ಲರ ಪ್ರೊಸೆಸರ್ ತಿನ್ನುತ್ತದೆ. ಒಬ್ಬನ ಹಳೆಯ ವರ್ಡ್‌ಪ್ರೆಸ್ ಪ್ಲಗಿನ್ನಿನಲ್ಲಿ ಕಳ್ಳ ನುಗ್ಗಿದರೆ ರಾತ್ರೋರಾತ್ರಿ ಸಾವಿರಾರು ಕಸದ ಮೇಲ್ ಹೊರಡುತ್ತವೆ. ಬೆಳಗಾಗುವುದರೊಳಗೆ ನಿಮ್ಮ ಐಪಿ ವಿಳಾಸ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಯಲ್ಲಿ ಕೂತಿರುತ್ತದೆ. ತಪ್ಪು ಮಾಡಿದವನು ಒಬ್ಬ, ಮೇಲ್ ಹೋಗದೆ ನಿಂತದ್ದು ಎಲ್ಲರದು. 2008ರಲ್ಲಿ ನನಗೆ ಹೀಗಾದಾಗ ಒಬ್ಬ ಗಿರಾಕಿಯ ಟೆಂಡರ್ ಮೇಲ್ ಮುಟ್ಟಲಿಲ್ಲ. ಅವನು ಬಂದು ಎದುರಿಗೆ ಕೂತ, ಬೈಯಲಿಲ್ಲ, ಸುಮ್ಮನೆ ಕೂತ. ಹೊರಹೋಗುವ ಮೇಲಿಗೆ ಗಂಟೆಗೆ ಇಷ್ಟೇ ಎಂಬ ಮಿತಿಯನ್ನು ಮೊದಲ ದಿನವೇ ಹಾಕಿ. ಮೇಲ್ ನಿಜಕ್ಕೂ ಅಲ್ಲಿಂದಲೇ ಬಂದದ್ದೆಂದು ಸಾರುವ ಎಸ್‌ಪಿಎಫ್, ಡಿಕೆಐಎಂ ದಾಖಲೆ ಪ್ರತಿ ಡೊಮೇನಿಗೂ ಇರಲಿ. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೆ ದಾಟದಂತೆ ಖಾತೆಗಳ ನಡುವೆ ಗೋಡೆ ಇರಲಿ. ಈ ಕೆಲಸ ಗಿರಾಕಿಗೆ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ, ಆದರೂ ಮಾಡಿ.

ಎರಡನೆಯದು ಕನ್ನಡದವರಿಗೇ ಕಾದಿಟ್ಟ ಪೆಟ್ಟು. ಹೊಸ ಸರ್ವರಿಗೆ ಸೈಟುಗಳನ್ನು ಸಾಗಿಸಿದ ದಿನ ಇಂಗ್ಲಿಷಿನ ಪುಟಗಳೆಲ್ಲ ಸರಿಯಾಗಿಯೇ ಬಂದವು. ಕನ್ನಡದ ಪುಟ ತೆರೆದರೆ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ. ಮೈಎಸ್‌ಕ್ಯೂಎಲ್ ಡೇಟಾಬೇಸು ತಾನಾಗಿ ಹಿಡಿಯುತ್ತಿದ್ದ ಅಕ್ಷರವ್ಯವಸ್ಥೆ ಲ್ಯಾಟಿನ್-1. 2018ರಲ್ಲಿ 8ನೆಯ ಆವೃತ್ತಿ ಬರುವವರೆಗೂ ಅದೇ ಇತ್ತು. ಲ್ಯಾಟಿನ್-1ಕ್ಕೆ ‘ಅ’ ಗೊತ್ತಿಲ್ಲ, ‘ಳ’ ಗೊತ್ತಿಲ್ಲ. ಗೊತ್ತಿಲ್ಲದ ಅಕ್ಷರದ ಜಾಗಕ್ಕೆ ಅದು ಪ್ರಶ್ನೆಚಿಹ್ನೆ ಇಡುತ್ತದೆ, ಇಟ್ಟ ಮೇಲೆ ಮೂಲ ಅಕ್ಷರ ಹೋದಂತೆಯೇ. ಹಳೆಯ ಸರ್ವರನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲವಾದ್ದರಿಂದ ಅಂದು ಬಚಾವಾದೆ. ಅವತ್ತಿನಿಂದ ಸಾಗಣೆಯ ದಿನ ಕನ್ನಡದ ಒಂದು ಪುಟವನ್ನು ಪ್ರೂಫ್ ತಿದ್ದುವವನ ಹಾಗೆ ಒತ್ತಕ್ಷರ ಒತ್ತಕ್ಷರವಾಗಿ ಓದುವುದು ನನ್ನ ರೂಢಿಯಾಯಿತು. ಬೆಂಗಳೂರು, ಮುಂಬೈಯ ದೊಡ್ಡ ಕಂಪನಿಗಳು ನಿಮ್ಮ ಗಿರಾಕಿಗಾಗಿ ಆ ಪುಟ ಓದಲಾರವು, ನೀವು ಓದಬಲ್ಲಿರಿ. ಗದಗಿನಲ್ಲಿ ಕೂತು ಹೋಸ್ಟಿಂಗ್ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆದಿಲ್ಲ.

ಈಗ 2010ರ ಆಷಾಢಕ್ಕೆ ಬರುತ್ತೇನೆ. ಇದನ್ನು ನಾನು ಹೆಚ್ಚು ಜನರಿಗೆ ಹೇಳಿಲ್ಲ.

ಸರ್ವರಿನಲ್ಲಿ ಎರಡು ಡಿಸ್ಕು ಇದ್ದವು, ಒಂದರ ಕನ್ನಡಿ ಇನ್ನೊಂದು. ರೇಡ್ ಅನ್ನುತ್ತಾರಲ್ಲ, ಅದು. ಒಂದು ಸುಟ್ಟರೆ ಇನ್ನೊಂದಿದೆ ಎಂಬ ಧೈರ್ಯದಲ್ಲಿ ನಾನಿದ್ದೆ. ದಿನದ ಬ್ಯಾಕಪ್ಪನ್ನೂ ಅದೇ ಯಂತ್ರದ ಇನ್ನೊಂದು ಮೂಲೆಯಲ್ಲಿ ಇಡುತ್ತಿದ್ದೆ. ಹೊರಗೆ ಬೇರೆ ಜಾಗ ಬಾಡಿಗೆಗೆ ಹಿಡಿಯಲು ತಿಂಗಳಿಗೆ ಇಷ್ಟು ಡಾಲರ್ ಆಗುತ್ತದೆಂದು ಮುಂದಕ್ಕೆ ಹಾಕುತ್ತ ಬಂದಿದ್ದೆ. ಒಂದು ರಾತ್ರಿ ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್ ಕೆಟ್ಟಿತು, ಕೆಡುವ ಮೊದಲು ಹುಚ್ಚು ಹಿಡಿದಂತೆ ಎರಡೂ ಡಿಸ್ಕಿನ ಮೇಲೆ ಕಸ ಬರೆಯಿತು. ಕನ್ನಡಿಯ ಗುಣವೇ ಅದು. ನೀವು ನಕ್ಕರೆ ನಗುತ್ತದೆ, ಮುಖಕ್ಕೆ ಮಸಿ ಬಳಿದುಕೊಂಡರೆ ಅದನ್ನೂ ತೋರಿಸುತ್ತದೆ. ಬೆಳಗಿನ ಹೊತ್ತಿಗೆ ನೂರಕ್ಕೂ ಹೆಚ್ಚು ಸೈಟುಗಳಿಲ್ಲ, ಅವುಗಳ ಬ್ಯಾಕಪ್ಪೂ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪು ಅದರ ಮರುದಿನ ನಡೆಯಿತು. ನಾನು ಫೋನ್ ಬಂದ್ ಮಾಡಿ ಮನೆಯಲ್ಲಿ ಕೂತೆ. ಇಡೀ ಒಂದು ಹಗಲು, ಒಂದು ರಾತ್ರಿ. ಡಿಸ್ಕು ಕೆಟ್ಟದ್ದಕ್ಕೆ ಯಂತ್ರದ ಮೇಲೆ ಹಾಕಲು ಬರುತ್ತದೆ, ಫೋನು ಬಂದ್ ಮಾಡಿದ್ದಕ್ಕೆ ಯಾರ ಮೇಲೂ ಹಾಕಲು ಬರುವುದಿಲ್ಲ. ಮೂರನೆಯ ದಿನ ನಮ್ಮ ಮನೆಯಾಕೆ ಒಂದು ಕೈಚೀಲದಲ್ಲಿ ರೊಟ್ಟಿ ಕಟ್ಟಿಕೊಟ್ಟು, “ಹೋಗ್ರಿ, ಮಾರಿ ತೋರಿಸಿ ಬರ್ರಿ” ಅಂದಳು. ಗಿರಾಕಿಗಳ ಪಟ್ಟಿ ಹಿಡಿದು ಬಸ್ಸು ಹತ್ತಿದೆ.

ಮುಳಗುಂದದ ಮೇಲೆ ಹಾಯ್ದು ಲಕ್ಷ್ಮೇಶ್ವರಕ್ಕೆ ಮೊದಲು ಹೋದೆ, ಅಲ್ಲಿಂದ ಶಿರಹಟ್ಟಿಗೆ. ಶಿರಹಟ್ಟಿಯ ಫೋಟೋ ಸ್ಟುಡಿಯೋದ ಹುಡುಗ ಎದೆಯ ಮೇಲಿನ ಅಂಗಿ ಹಿಡಿದ. ಹಿಡಿಯಲಿ ಅಂತಲೇ ನಿಂತೆ. ಮರುದಿನ ಡಂಬಳದ ದಾರಿಯಲ್ಲಿ ಮುಂಡರಗಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಆಷಾಢದ ಗಾಳಿಗೆ ಗಿರಗಿರನೆ ತಿರುಗುತ್ತಿದ್ದವು. ಮುಂಡರಗಿಯ ಬೀಜ-ಗೊಬ್ಬರದ ಅಂಗಡಿಯವರು ನನ್ನ ಮಾತು ಪೂರ್ತಿ ಕೇಳಿ, ಕೆಂಪು ಬಟ್ಟೆಯ ಖಾತೆಪುಸ್ತಕ ಮುಂದೆ ಸರಿಸಿ, “ನಮ್ದು ಎಲ್ಲಾ ಇದರಾಗ ಐತ್ರಿ, ನೀವ್ ಹೊಟ್ಟಿಗೆ ಏನರ ತಿಂದೀರೇನು?” ಅಂದರು. ಆ ಖಾತೆಪುಸ್ತಕದ ಮುಂದೆ ನನ್ನ ಸರ್ವರು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಕೊಟ್ಟ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಆದರೆ ನಾನು ಇಂದಿಗೂ ಹೊತ್ತುಕೊಂಡಿರುವುದು ಲಕ್ಷ್ಮೇಶ್ವರದ್ದು. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ, ಪಂಪನು ತನ್ನ ಕಾವ್ಯದ ನುಡಿಗೆ ತಿರುಳೆಂದು ಹೆಸರಿಸಿದ ಸೀಮೆ. ಸೋಮೇಶ್ವರ ಗುಡಿಯ ಆವರಣದ ಶಾಸನಗಳು, ಸುತ್ತಲ ಹಳ್ಳಿಗಳ ವೀರಗಲ್ಲುಗಳು, ಬಸದಿಗಳು, ಇವುಗಳ ಮೇಲೆ ಅವರು ಎರಡು ವರ್ಷ ಕೂತು ಬರೆದಿದ್ದರು. ಕಾಗದದ ಮೇಲೆ ಬರೆದು ಟೈಪು ಮಾಡಿದ್ದಲ್ಲ. ಅರವತ್ತು ದಾಟಿದ ಮೇಲೆ ಕೀಲಿಮಣೆ ಕಲಿತು, ಅದರ ಸಂತೋಷಕ್ಕೆ ನೇರವಾಗಿ ಸೈಟಿನಲ್ಲೇ ಬರೆಯುತ್ತಿದ್ದರು. “ಅನ್‌ಲಿಮಿಟೆಡ್ ಐತಿ, ಎಷ್ಟ್ ಬೇಕಾದ್ರೂ ಬರೀರಿ ಸರ್” ಅಂದವನು ನಾನೇ. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, “ನಿಮ್ಮ ಕಡೆ ಇಲ್ಲಂದ್ರ ಎಲ್ಲೂ ಇಲ್ಲ ಅಂತನ?” ಎಂದು ಕೇಳಿದರು. ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿಯಲು ಕೇಳುವ ವಿದ್ಯಾರ್ಥಿಯ ಹಾಗೆ ಕೇಳಿದರು. ನಾನು ಹೌದು ಅಂದೆ.

ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನಿನಲ್ಲಿ ಅವರ ಕೆಲವು ಪುಟ ಸಿಕ್ಕವು. ಜಗತ್ತಿನ ಪುಟಗಳನ್ನು ತನ್ನಷ್ಟಕ್ಕೆ ತಾನೇ ಪ್ರತಿ ಮಾಡಿಡುವ ಆ ಸಂಸ್ಥೆಯವರಿಗೆ ಲಕ್ಷ್ಮೇಶ್ವರ ಎಲ್ಲಿದೆಯೆಂದು ಗೊತ್ತಿರಲಿಕ್ಕಿಲ್ಲ, ಆದರೂ ಅವರು ಕಾದಿದ್ದರು. ಹಣ ತೆಗೆದುಕೊಂಡ ನಾನು ಕಾದಿರಲಿಲ್ಲ. ಉಳಿದದ್ದನ್ನು ಮೇಷ್ಟ್ರು ನೆನಪಿನಿಂದ, ಟಿಪ್ಪಣಿ ಚೀಟಿಗಳಿಂದ ಮತ್ತೆ ಹೇಳಿದರು, ನಾನು ಭಾನುವಾರಕ್ಕೊಮ್ಮೆ ಹೋಗಿ ಟೈಪು ಮಾಡಿದೆ. ಮಳೆಗಾಲ ಕಳೆದು ಸಂಕ್ರಾಂತಿಯವರೆಗೂ ಹೋದೆ. ಎಲ್ಲವೂ ಮರಳಲಿಲ್ಲ.

ಬ್ಯಾಕಪ್ ಎಂದರೇನೆಂದು ನಮ್ಮೂರಿನವರಿಗೆ ಬೇರೆಯವರು ಕಲಿಸಬೇಕಿರಲಿಲ್ಲ ಮಕ್ಕಳೇ. ಗದಗ-ಬೆಟಗೇರಿಯ ನಳಕ್ಕೆ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಬಂದ ವರ್ಷಗಳನ್ನು ನಾವೆಲ್ಲ ಕಂಡವರೇ. ನನ್ನ ಅವ್ವ ಅಂಗಳದಲ್ಲಿ ಒಂದು ಡ್ರಮ್ಮು, ಬಚ್ಚಲಲ್ಲಿ ಒಂದು ಹಂಡೆ, ಅಡಿಗೆಮನೆಯಲ್ಲಿ ಮುಚ್ಚಿದ ಕೊಡ, ಹೀಗೆ ಮೂರು ಕಡೆ ಇಡುತ್ತಿದ್ದಳು. ನಾಯಿ ಬಾಯಿ ಹಾಕಿದರೆ ಅಂಗಳದ್ದು ಹೋದೀತು, ಒಳಗಿನದು ಉಳಿದೀತು. ಕಂಪ್ಯೂಟರಿನವರು ಇದನ್ನೇ 3-2-1 ಅನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಊರಿನಲ್ಲಿ. ಅವ್ವ ಇನ್ನೊಂದು ಕೆಲಸ ಮಾಡುತ್ತಿದ್ದಳು. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೀರಿಗೆ ಹುಳ ಬಿದ್ದಿದೆಯೋ ಎಂದು ನೋಡುತ್ತಿದ್ದಳು. ನನಗೆ ತಪ್ಪಿದ್ದೂ, ನನಗಿಂತ ಬಹಳ ದೊಡ್ಡವರಿಗೆ ತಪ್ಪಿದ್ದೂ ಈ ಮುಚ್ಚಳ ತೆಗೆದು ನೋಡುವ ಕೆಲಸವೇ.

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯ ಎಂಜಿನಿಯರೊಬ್ಬ ದಣಿವಿನಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿಬಿಟ್ಟ. ಅವರಲ್ಲಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ತೆಗೆದು ನೋಡಿದರೆ ಆ ಹೊತ್ತಿಗೆ ನೆಚ್ಚಬಹುದಾದದ್ದು ಒಂದೂ ಇರಲಿಲ್ಲ. ಆರು ಗಂಟೆ ಮೊದಲು ಯಾವುದೋ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದರಿಂದ ಅವರು ಎದ್ದುನಿಂತರು. ಇನ್ನೊಂದು 2021ರ ಮಾರ್ಚ್ 10ರದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡ ಇಡಿಯಾಗಿ ಸುಟ್ಟುಹೋಯಿತು, ಲಕ್ಷಾಂತರ ಸೈಟುಗಳು ನಿಂತವು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟುಕೊಂಡಿದ್ದವರಿಗೆ ಎರಡೂ ಹೋದವು. ಯುರೋಪಿನ ಬಹು ದೊಡ್ಡ ಕಂಪನಿಯ ಗಿರಾಕಿಗಳಿಗೇ ಹೀಗಾಗಿದೆ. ದೊಡ್ಡ ಹೆಸರಿನವರ ಯಂತ್ರ ಬಾಡಿಗೆಗೆ ಹಿಡಿದಿದ್ದೇವೆಂದು ನಿಶ್ಚಿಂತರಾಗಬೇಡಿ.

ಗಿಟ್‌ಲ್ಯಾಬಿನವರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಏನು ಕೆಟ್ಟಿತು, ಯಾವ ಬ್ಯಾಕಪ್ ಏಕೆ ಕೆಲಸ ಮಾಡಲಿಲ್ಲ, ಈಗ ಏನು ಮಾಡುತ್ತಿದ್ದೇವೆ ಎಂಬುದನ್ನೆಲ್ಲ ಆಗಿಂದಾಗ ಬರೆದು ಹಾಕಿದರು, ದುರಸ್ತಿಯನ್ನೇ ಯೂಟ್ಯೂಬಿನಲ್ಲಿ ಜನರ ಕಣ್ಣೆದುರು ನಡೆಸಿದರು. ಅದನ್ನು ಓದಿದ ದಿನ ನನ್ನ ಬಂದ್ ಮಾಡಿದ ಫೋನು ನೆನಪಾಗಿ ಕಣ್ಣು ತುಂಬಿತು. ಸರ್ವರು ನಿಂತ ಹತ್ತು ನಿಮಿಷದೊಳಗೆ ಗಿರಾಕಿಗೆ ನಿಮ್ಮಿಂದಲೇ ಸುದ್ದಿ ಹೋಗಲಿ. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಮತ್ತೆ ಯಾವಾಗ ಫೋನು ಮಾಡುತ್ತೀರೆಂದು ಹೇಳಿ, ಹೇಳಿದ ಹೊತ್ತಿಗೆ ಮಾಡಿ. ನಮ್ಮ ಸೀಮೆಯ ಜನ ನಷ್ಟ ತಡಕೊಳ್ಳುತ್ತಾರೆ. ಮಳೆ ಕೈಕೊಟ್ಟ ವರ್ಷ, ಉಳ್ಳಾಗಡ್ಡಿಗೆ ದರ ಸಿಗದ ವರ್ಷ ಎಷ್ಟೋ ಕಂಡವರು. ತಮ್ಮನ್ನು ಕತ್ತಲಲ್ಲಿ ಇಟ್ಟವರನ್ನು ಮಾತ್ರ ಅವರು ಮರೆಯುವುದಿಲ್ಲ. ಮರೆಯಬೇಕಾಗಿಯೂ ಇಲ್ಲ. ಈಗಂತೂ ಕಾನೂನೂ ಇದೆ. ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಸರ್ಕಾರಕ್ಕೆ 6 ಗಂಟೆಯಾದರೆ ಹಣ ಕೊಟ್ಟವರಿಗೆ ಅದಕ್ಕೂ ಮೊದಲು.

ಇಷ್ಟಾದ ಮೇಲೆ ಆ ‘ಅನ್‌ಲಿಮಿಟೆಡ್’ಗೆ ಬರುತ್ತೇನೆ.

ನಮ್ಮ ಮಗ್ಗುಲಲ್ಲೇ ಕಣಗಿನಹಾಳವಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದೆಂದು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ತಗೊಂಡಿದ್ದೀರಿ. ಆ ಸಂಘ ಯಾವ ಕರಾರಿನ ಮೇಲೆ ನಿಂತಿತ್ತೆಂದು ಯಾರಾದರೂ ಹೇಳಿಕೊಟ್ಟರೇ? ಸಂಘಗಳಿಗೆ ದಾರಿ ಮಾಡಿದ 1904ರ ಕಾಯ್ದೆಯಲ್ಲಿ ಹಳ್ಳಿಯ ಪತ್ತಿನ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯೇ ನಿಯಮವಾಗಿತ್ತು. ಸಂಘ ಸಾಲ ತೀರಿಸಲಾರದೆ ಹೋದರೆ ಹಾಕಿದ ಷೇರಿನ ಹಣ ಹೋಯಿತೆಂದು ಸದಸ್ಯ ಕೈತೊಳೆದುಕೊಳ್ಳುವ ಹಾಗಿರಲಿಲ್ಲ, ಅವನ ಹೊಲ-ಮನೆಯೂ ಅದಕ್ಕೆ ಉತ್ತರ ಕೊಡಬೇಕಿತ್ತು. ಜರ್ಮನಿಯ ರೈಫೈಸನ್ ತನ್ನ ಹಳ್ಳಿಗಳಲ್ಲಿ ನಡೆಸಿ ತೋರಿಸಿದ ಪದ್ಧತಿ ಅದು. ಅದಕ್ಕೇ ಒಂದು ಸಂಘ ಸಾಮಾನ್ಯವಾಗಿ ಒಂದು ಊರಿನ ಅಳತೆ ಮೀರುತ್ತಿರಲಿಲ್ಲ. ಪರಸ್ಪರ ಗುರುತಿರುವವರು, ಒಬ್ಬರ ಬದುಕು ಇನ್ನೊಬ್ಬರಿಗೆ ಕಾಣುವವರು ಮಾತ್ರ ಅಂಥ ಹೊಣೆ ಹೊರಬಲ್ಲರು. ಕೊಡುವ ಸಾಲಕ್ಕೆ ಮಿತಿ, ಹೊರುವ ಹೊಣೆಗೆ ಮಿತಿಯಿಲ್ಲ.

ನಿಮ್ಮ ದರಪಟ್ಟಿಯಲ್ಲಿ ಇದು ತಿರುಗಿ ಕೂತಿದೆ. ಜಾಗ ಅಪರಿಮಿತವೆಂದು ಮೇಲೆ ದಪ್ಪಕ್ಷರದಲ್ಲಿದೆ. ಕೆಳಗೆ ಷರತ್ತಿನಲ್ಲಿ, ಡೇಟಾ ನಷ್ಟಕ್ಕೆ ಕಂಪನಿ ಹೊಣೆಯಲ್ಲ, ಕೊಟ್ಟ ಶುಲ್ಕಕ್ಕಿಂತ ಹೆಚ್ಚಿನ ಪರಿಹಾರವಿಲ್ಲ ಎಂದು ಸಣ್ಣಕ್ಷರದಲ್ಲಿದೆ. ಎಲ್ಲರೂ ಹಾಗೇ ಬರೆಯುತ್ತಾರೆಂದು ನೀವು ಅಂದಿರಿ. ನಾನೂ ಎಲ್ಲರನ್ನೂ ನೋಡಿಯೇ ಬರೆದಿದ್ದೆ. ಇರುವ ಡಿಸ್ಕು ಇಷ್ಟೇ ಇದ್ದಾಗ ಅಪರಿಮಿತವೆಂದು ಮಾರುವುದು, ಹೆಚ್ಚಿನವರು ಹೆಚ್ಚು ಬಳಸಲಾರರು ಎಂಬ ಲೆಕ್ಕದ ಮೇಲೆ. ಆ ಲೆಕ್ಕ ಬಹುದಿನ ನಡೆಯುತ್ತದೆ ಕೂಡ. ಆದರೆ ನಂಬಿ ನಿಜವಾಗಿ ಬಳಸಿದವನೇ, ಲಕ್ಷ್ಮೇಶ್ವರದ ಮೇಷ್ಟ್ರಂಥವನೇ, ನಿಮಗೆ ಭಾರವಾಗಿ ಕಾಣತೊಡಗುತ್ತಾನೆ. ಗಿರಾಕಿಯ ನಂಬಿಕೆ ಭಾರವಾಗುವಂಥ ವ್ಯಾಪಾರ ಮಾಡಬೇಡಿ. ಐದು ಜಿಬಿ ಅಂದರೆ ಐದು ಜಿಬಿ ಎಂದೇ ಬರೆಯಿರಿ. ಆ ಐದು ಜಿಬಿಯನ್ನು ಮೂರು ಕಡೆ ಕಾಯುತ್ತೇವೆಂದು ಅದರ ಕೆಳಗೆ ಅಷ್ಟೇ ದಪ್ಪಕ್ಷರದಲ್ಲಿ ಬರೆಯಿರಿ. ಹೊಣೆಯ ಮಾತು ಅಲ್ಲಿ ಬರಲಿ.

ಶೇಕಡಾ 99.9 ಅಪ್‌ಟೈಮ್ ಎಂದೂ ಹಾಕಿದ್ದೀರಿ. ಅದರರ್ಥ ವರ್ಷಕ್ಕೆ ಸುಮಾರು 8 ಮುಕ್ಕಾಲು ಗಂಟೆ ನಿಲ್ಲಬಹುದು, ತಿಂಗಳಿಗೆ 43 ನಿಮಿಷ. ಇನ್ನೊಂದು 9 ಸೇರಿಸಿದರೆ ವರ್ಷಕ್ಕೆ 52 ನಿಮಿಷ ಮಾತ್ರ. ಒಂದೇ ಸರ್ವರು ಇಟ್ಟುಕೊಂಡು ಆ ಎರಡನೆಯ ಮಾತು ಯಾವತ್ತೂ ಕೊಡಬೇಡಿ. ಗಿರಾಕಿಗೆ ಶೇಕಡಾವಾರು ಹೇಳದೆ ನಿಮಿಷಗಳಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಹಣದ ಬಗ್ಗೆ ಎರಡು ಮಾತು, ಇಲ್ಲೇ ಹೆಚ್ಚಿನವರು ಮುಗ್ಗರಿಸುವುದು. ವರ್ಷದ ಶುಲ್ಕ ಮುಂಗಡ ಬರುತ್ತದೆ. ಯುಗಾದಿಯ ಹೊತ್ತಿಗೆ ಬ್ಯಾಂಕಿನಲ್ಲಿ ಒಮ್ಮೆಲೆ ದೊಡ್ಡ ಮೊತ್ತ ಕಂಡು ಎದೆ ಉಬ್ಬುತ್ತದೆ. ಅದು ನಿಮ್ಮ ಗಳಿಕೆಯಲ್ಲ, ಹನ್ನೆರಡು ತಿಂಗಳು ದುಡಿದು ತೀರಿಸಬೇಕಾದ ಸಾಲ. ನಾನು ಅದರಲ್ಲಿ ಮನೆಯ ಮೇಲ್ಛಾವಣಿ ಹಾಕಿಸಿದೆ. ಸರ್ವರಿನ ಬಾಡಿಗೆ ತಿಂಗಳು ತಿಂಗಳು ಡಾಲರಿನಲ್ಲಿ ಕಟ್ಟಬೇಕಿತ್ತು. 2011ರ ನಡುವಿನಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು, 2013ರ ಆಗಸ್ಟ್ ಕೊನೆಗೆ 68 ಮುಟ್ಟಿತು. ನಾನು ಹಳೆಯ ದರದಲ್ಲಿ ವರ್ಷಗಟ್ಟಲೆಗೆ ಮಾತು ಕೊಟ್ಟು ಕೂತಿದ್ದೆ, ಬಾಡಿಗೆ ಒಂದೂವರೆ ಪಟ್ಟಾಯಿತು. ಛಾವಣಿಯನ್ನು ಕಿತ್ತು ಮಾರಲು ಬರುತ್ತದೆಯೇ? ಮುಂಗಡವನ್ನು ಬೇರೆ ಖಾತೆಯಲ್ಲಿಟ್ಟು ಹನ್ನೆರಡು ಭಾಗ ಮಾಡಿ, ತಿಂಗಳಿಗೆ ಒಂದೇ ಭಾಗ ಹೊರತೆಗೆಯಿರಿ. ಮೂರು ತಿಂಗಳ ಬಾಡಿಗೆ ಯಾವಾಗಲೂ ಪಕ್ಕಕ್ಕಿರಲಿ. ಯಾವ ತಂತ್ರಾಂಶದ ಮೇಲೆ ಇಡೀ ಮನೆ ಕಟ್ಟುತ್ತೀರೋ ಅದರ ದರವೂ ನಿಮ್ಮ ಕೈಯಲ್ಲಿಲ್ಲ. 2019ರಲ್ಲಿ ಹೋಸ್ಟಿಂಗ್ ಖಾತೆಗಳನ್ನು ನಿರ್ವಹಿಸುವ ತಂತ್ರಾಂಶದ ಸಿಪ್ಯಾನೆಲ್‌ನವರು ಸರ್ವರಿಗಿಷ್ಟು ಎಂದಿದ್ದ ಲೈಸೆನ್ಸನ್ನು ಖಾತೆಗಿಷ್ಟು ಎಂದು ಬದಲಿಸಿದಾಗ, ಅಗ್ಗದ ದರಕ್ಕೆ ನೂರಾರು ಖಾತೆ ಮಾರಿಕೊಂಡಿದ್ದ ಜಗತ್ತಿನ ಸಣ್ಣ ಹೋಸ್ಟಿಂಗ್‌ನವರೆಲ್ಲ ಒಂದೇ ದಿನ ತಲೆಯ ಮೇಲೆ ಕೈ ಹೊತ್ತರು. ನಾನೂ.

ಪರಿಚಯದವರ ರಿಯಾಯಿತಿಯ ಮಾತು ಬಿಡಿ, ಗದಗಿನಲ್ಲಿ ಎಲ್ಲರೂ ಬೀಗರೇ. ಒಮ್ಮೆ ಕೊಟ್ಟ ರಿಯಾಯಿತಿ ಮತ್ತೆ ಹಿಂದಕ್ಕೆ ಬಾರದು, ಅಷ್ಟು ತಿಳಿದು ಕೊಡಿ.

ಡೊಮೇನ್ ಹೆಸರನ್ನು ಗಿರಾಕಿಯ ಹೆಸರಿನಲ್ಲೇ, ಗಿರಾಕಿಯ ಮೇಲ್ ವಿಳಾಸದಲ್ಲೇ ನೋಂದಾಯಿಸಿ. ಕೆಲಸ ಸಲೀಸಾಗಲೆಂದು ನಿಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಬೇಡಿ. ಹಿಡಿದು ನಿಲ್ಲಿಸಿಕೊಳ್ಳಲು ಅದೊಂದು ಹಗ್ಗವೆಂದು ಕೆಲವರು ನಿಮಗೆ ಕಿವಿಯೂದುತ್ತಾರೆ, ಅಂಥವರ ಹತ್ತಿರ ಕೂರಬೇಡಿ. ಡೊಮೇನ್ ನೋಂದಾಯಿಸುತ್ತಿದ್ದ ನೆಟ್ 4 ಇಂಡಿಯಾ ಎಂಬ ಹಳೆಯ ದೊಡ್ಡ ಕಂಪನಿ ದಿವಾಳಿ ಪ್ರಕ್ರಿಯೆಗೆ ಬಿದ್ದಾಗ ಎಷ್ಟೋ ಜನ ತಮ್ಮದೇ ಹೆಸರನ್ನು ನವೀಕರಿಸಲಾಗದೆ, ಬೇರೆ ಕಡೆ ಒಯ್ಯಲಾಗದೆ ಒದ್ದಾಡಿದರು. 2021ರಲ್ಲಿ ಡೊಮೇನ್ ಹೆಸರುಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಸಂಸ್ಥೆ ಅದರ ಮಾನ್ಯತೆ ರದ್ದು ಮಾಡಿ ಹೆಸರುಗಳನ್ನು ಬೇರೆ ರಿಜಿಸ್ಟ್ರಾರಿಗೆ ವರ್ಗಾಯಿಸಬೇಕಾಯಿತು. ಅಂಗಡಿ ಮುಚ್ಚುವ ದಿನ ಯಾರಿಗೂ ಬರಬಹುದು. ನನಗೆ 2020ರಲ್ಲಿ ಬಂತು. ಆರು ತಿಂಗಳು ಮೊದಲೇ ಎಲ್ಲರಿಗೂ ಹೇಳಿ, ಒಬ್ಬೊಬ್ಬರ ಗಂಟನ್ನೂ ಅವರು ಹೇಳಿದ ಕಡೆ ಒಯ್ದಿಟ್ಟು, ತೆರೆದು ತೋರಿಸಿ, ಆಮೇಲೆ ಬಾಗಿಲು ಹಾಕಿದೆ. ಈ ಹದಿನಾಲ್ಕು ವರ್ಷಗಳಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ ಇರಬೇಕು.

ನಿಮ್ಮ ಮೂವರಲ್ಲಿ ಒಬ್ಬನ ಬಳಿ ಮಾತ್ರ ಮುಖ್ಯ ಪಾಸ್‌ವರ್ಡುಗಳಿವೆ ಎಂದು ಅಂದು ಮಾತಿನ ನಡುವೆ ಗೊತ್ತಾಯಿತು. ಅವನಿಗೆ ಜ್ವರ ಬರಬಹುದು, ಅವನ ಮದುವೆ ಬರಬಹುದು. ಇನ್ನಿಬ್ಬರೂ ತೆಗೆಯಬಲ್ಲ ಹಾಗೆ ಅವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಡಿ. ರಾತ್ರಿ ಪಾಳಿ ಹಂಚಿಕೊಳ್ಳಿ. ಗಿಟ್‌ಲ್ಯಾಬಿನ ಆ ಎಂಜಿನಿಯರ್ ಡೇಟಾಬೇಸನ್ನು ಅಳಿಸಿದ್ದು ಅಜ್ಞಾನದಿಂದಲ್ಲ, ನಡುರಾತ್ರಿಯ ದಣಿವಿನಿಂದ ಎಂಬುದನ್ನು ಮರೆಯಬೇಡಿ. ಮತ್ತು ಬೇಗ ಬೆಳೆಯಬೇಡಿ. ಐವತ್ತು ಗಿರಾಕಿಗಳ ಹೆಸರು, ಊರು, ಅವರು ನಿಮ್ಮಲ್ಲಿ ಇಟ್ಟಿರುವುದೇನು ಎಂಬುದು ಬಾಯಿಪಾಠ ಬರುವವರೆಗೆ ಐವತ್ತೊಂದನೆಯವರನ್ನು ತೆಗೆದುಕೊಳ್ಳದಿದ್ದರೂ ಕಂಪನಿ ಸಾಯುವುದಿಲ್ಲ.

ಲಕ್ಷ್ಮೇಶ್ವರದ ಮೇಷ್ಟ್ರು ಈಗಿಲ್ಲ. ನಾವು ಭಾನುವಾರಗಳಲ್ಲಿ ಕೂತು ಮತ್ತೆ ಕಟ್ಟಿದ ಲೇಖನಗಳು ನನ್ನ ಬಳಿ ಮೂರು ಕಡೆ ಇವೆ. ಒಂದು ಮನೆಯ ಡಿಸ್ಕಿನಲ್ಲಿ, ಒಂದು ಬೆಂಗಳೂರಿನಲ್ಲಿ ಮಗಳ ಬಳಿ, ಒಂದು ಕಾಗದದ ಮೇಲೆ, ಆ ಹಳೆಯ ಪ್ರೆಸ್ಸಿನ ಟ್ರಂಕಿನಂಥದೇ ಒಂದು ಟ್ರಂಕಿನಲ್ಲಿ. ಅವುಗಳಿಗೆ ಜನ ಓದುವಂಥ ಒಂದು ಜಾಗ ಬೇಕು. ಬರುವ ಭಾನುವಾರ ಬೆಟಗೇರಿಗೆ ತಂದು ಕೊಡುತ್ತೇನೆ, ವರ್ಷದ ಶುಲ್ಕವನ್ನೂ ತರುತ್ತೇನೆ, ರಿಯಾಯಿತಿ ಬೇಡ. ಸೈಟು ಏರಿಸಿದ ಮೇಲೆ ನನ್ನ ಕಣ್ಣೆದುರಿಗೇ ಒಮ್ಮೆ ಪೂರ್ತಿ ಅಳಿಸಿ, ಬೇರೆ ಊರಿನಲ್ಲಿಟ್ಟ ಪ್ರತಿಯಿಂದ ಮತ್ತೆ ತಂದು ತೋರಿಸಿ. ಒತ್ತಕ್ಷರಗಳನ್ನು ನಾನು ಓದಿ ನೋಡುತ್ತೇನೆ.